ಸಂಗನಕಲ್ಲಿನಿಂದ ಕಂಡ ಹೊರಜಗತ್ತು: ವಿದೇಶನೀತಿಯ ವಿಚಾರಗೋಷ್ಠಿಗಳಿಗೆ ಒಂದು ಐತಿಹಾಸಿಕ ಪೀಠಿಕೆ

೧

ವಿದೇಶನೀತಿಯು ರಾಜಧಾನಿಯಲ್ಲಿ ರೂಪುಗೊಳ್ಳತಕ್ಕ ವಸ್ತು. ಜಿಲ್ಲಾಕೇಂದ್ರಗಳ ಕಾಲೇಜುಗಳಲ್ಲಿ ಓದುವವರಿಗೆ ಅದು ಪರೀಕ್ಷೆಗೆ ಬರಬಹುದಾದ ಒಂದು ಅಧ್ಯಾಯ ಮಾತ್ರ ಎಂಬ ಭಾವನೆ ನಮ್ಮ ಶಿಕ್ಷಣವಲಯದಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಜಾಗತಿಕ ಸಮಸ್ಯೆಗಳನ್ನು ಕುರಿತು ಕಾಲೇಜು ವಿದ್ಯಾರ್ಥಿಗಳಿಗಾಗಿಯೂ, ವಿದ್ಯಾರ್ಥಿವೇತನ ಪಡೆದು ಹೊರದೇಶಗಳಲ್ಲಿ ವ್ಯಾಸಂಗ ಮುಗಿಸಿ ಬಂದವರಿಗಾಗಿಯೂ ವಿಚಾರಗೋಷ್ಠಿಗಳು ನಡೆಯುತ್ತವೆ. ಆದರೆ ಅವುಗಳ ವಿಷಯಸೂಚಿ ಬಹುಮಟ್ಟಿಗೆ ಒಂದೇ ಅಚ್ಚಿನದು: ಮಹಾಶಕ್ತಿಗಳ ಪೈಪೋಟಿ, ವಿಶ್ವಸಂಸ್ಥೆಯ ಸುಧಾರಣೆ, ಹವಾಮಾನದ ಒಪ್ಪಂದ, ವಾಣಿಜ್ಯದ ನಿಯಮಗಳು. ಗೋಷ್ಠಿ ನಡೆಯುವ ಊರಿನ ಹೆಸರು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಚರ್ಚೆಯೊಳಗೆ ಬರುವುದು ಅಪೂರ್ವ.

ಇಂಥ ಗೋಷ್ಠಿಗಳಿಗೆ ನಮ್ಮ ನೆಲದ ಚರಿತ್ರೆಯಿಂದಲೇ ಒಂದು ಪೀಠಿಕೆಯನ್ನು ಒದಗಿಸಬಹುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯನ್ನು ನಿದರ್ಶನವಾಗಿ ಆರಿಸಿಕೊಂಡಿದೆ. ಈ ಸೀಮೆಯ ಜನಜೀವನವನ್ನು ಹೊರಗಿನ ನಿರ್ಣಯಗಳು ಮತ್ತೆ ಮತ್ತೆ ಬದಲಿಸಿವೆ. ಆ ನಿರ್ಣಯಗಳು ಆದ ಸಭೆಗಳಲ್ಲಿ ಇಲ್ಲಿಯವರು ಒಮ್ಮೆಯೂ ಕುಳಿತಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು. ವಿದೇಶನೀತಿಯ ಫಲವನ್ನು ಉಣ್ಣುವವರು ಅದನ್ನು ಪರಿಶೀಲಿಸುವವರೂ ಆಗುವುದು ಹೇಗೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

೨

ಮೊದಲು ಗೋಷ್ಠಿಗಳ ಇತಿಹಾಸವನ್ನು ಸಂಗ್ರಹವಾಗಿ ನೋಡಬಹುದು. ವಿದೇಶವ್ಯವಹಾರವು ರಾಯಭಾರಿಗಳ ಗುಟ್ಟಿನ ಮಾತಾಗಿ ಉಳಿಯಕೂಡದು, ಸುಶಿಕ್ಷಿತ ಸಾರ್ವಜನಿಕರು ಅದನ್ನು ಅಧ್ಯಯನಮಾಡಬೇಕು ಎಂಬ ಅಭಿಪ್ರಾಯ ಮೊದಲನೆಯ ಮಹಾಯುದ್ಧದ ಅನಂತರ ಬಲಗೊಂಡಿತು. ೧೯೨೦ರಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ವ್ಯವಹಾರಗಳ ಸಂಸ್ಥೆ ಹುಟ್ಟಿತು. ಅದೇ ದಶಕದಲ್ಲಿ ಆಲ್ಫ್ರೆಡ್ ಜಿಮರ್ನ್ ಎಂಬ ವಿದ್ವಾಂಸರು ರಾಷ್ಟ್ರಸಂಘದ ನೆಲೆಯಾದ ಜಿನೀವಾದಲ್ಲಿ ಬೇಸಗೆಯ ಶಾಲೆಯೊಂದನ್ನು ನಡೆಸಿ ಹಲವು ದೇಶಗಳ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸಿದರು. ಭಾರತದಲ್ಲಿ ೧೯೪೩ರಲ್ಲಿ ವಿಶ್ವವ್ಯವಹಾರಗಳ ಭಾರತೀಯ ಪರಿಷತ್ತು ಸ್ಥಾಪಿತವಾಯಿತು. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, ೧೯೪೭ರ ಮಾರ್ಚ್–ಏಪ್ರಿಲ್ ತಿಂಗಳುಗಳಲ್ಲಿ, ದೆಹಲಿಯಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನವು ಈ ಪರಿಷತ್ತಿನ ಆಶ್ರಯದಲ್ಲೇ ಏರ್ಪಟ್ಟಿತು. ೧೯೫೫ರಲ್ಲಿ ಎ. ಅಪ್ಪಾದೊರೈ ಅವರ ನಿರ್ದೇಶನದಲ್ಲಿ ಅಂತಾರಾಷ್ಟ್ರೀಯ ಅಧ್ಯಯನಗಳ ಭಾರತೀಯ ಶಾಲೆ ಆರಂಭವಾಯಿತು. ೧೯೭೦ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ಕನ್ನಡನಾಡಿನಲ್ಲಿ ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ವಲ್ಪ ಭಿನ್ನವಾದ ಮಾದರಿಯನ್ನು ಒದಗಿಸಿತು. ಪ್ರಜೆಯಾದವನು ಸಾರ್ವಜನಿಕ ಪ್ರಶ್ನೆಗಳನ್ನು ವ್ಯಾಸಂಗಪೂರ್ವಕವಾಗಿ ಅರಿಯಬೇಕು ಎಂಬುದು ಅದರ ಮೂಲತತ್ತ್ವ.

ಇದರ ಜೊತೆಗೇ ವಿದ್ಯಾರ್ಥಿವೇತನಗಳೂ ಬಂದವು. ೧೯೫೦ರ ಫೆಬ್ರವರಿ ೨ರಂದು ಭಾರತಕ್ಕೂ ಅಮೆರಿಕಕ್ಕೂ ಆದ ಒಪ್ಪಂದದಿಂದ ಫುಲ್‌ಬ್ರೈಟ್ ವೇತನಗಳು ನಮ್ಮವರಿಗೆ ದೊರೆಯತೊಡಗಿದವು. ೧೯೫೯ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನವೊಂದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆಯನ್ನು ಅಂಗೀಕರಿಸಿತು. ೧೯೬೦ರಲ್ಲಿ ಸೋವಿಯತ್ ಒಕ್ಕೂಟವು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಯುವಕರಿಗಾಗಿ ಮಾಸ್ಕೋದಲ್ಲಿ ವಿಶ್ವವಿದ್ಯಾಲಯವನ್ನೇ ತೆರೆಯಿತು. ಈ ಮಾರ್ಗಗಳಿಂದ ಕನ್ನಡಕ್ಕಾದ ಲಾಭ ಅಲ್ಪವಲ್ಲ. ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ವೇತನದಿಂದ ಇಂಡಿಯಾನಾಕ್ಕೆ ಹೋಗಿ ೧೯೬೩ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದರು; ಮುಂದೆ ಅವರಿಂದ ವಚನಗಳು ಇಂಗ್ಲಿಷ್ ಓದುಗರ ಕೈಸೇರಿದವು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿನಲ್ಲಿದ್ದು, ಅಲ್ಲಿಯ ವಿದ್ಯಾರ್ಥಿಗಳ ಪ್ರಸಿದ್ಧ ಚರ್ಚಾಸಂಘದ ಅಧ್ಯಕ್ಷರೂ ಆದರು. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗಲೇ ‘ಸಂಸ್ಕಾರ’ವನ್ನು ಬರೆದರು.

ಆದರೆ ಇಲ್ಲಿ ಒಂದು ಕೊರತೆಯನ್ನೂ ಗಮನಿಸಬೇಕು. ಹೊರಗೆ ಹೋಗಿ ಬಂದವರಿಂದ ಕನ್ನಡದ ಸಾಹಿತ್ಯವಿಚಾರ ಬೆಳೆದಷ್ಟು ಅಂತಾರಾಷ್ಟ್ರೀಯ ವ್ಯವಹಾರಗಳ ವಿಚಾರ ಬೆಳೆಯಲಿಲ್ಲ. ಅನುಭವಿಗಳು ಇರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ಬೆನಗಲ್ ನರಸಿಂಗರಾಯರು ೧೯೫೦ರ ಜೂನ್ ತಿಂಗಳಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದರು. ಕೊರಿಯಾ ಯುದ್ಧವು ಸ್ಫೋಟಗೊಂಡದ್ದು ಆಗಲೇ. ಕೊಡಗಿನ ಜನರಲ್ ತಿಮ್ಮಯ್ಯನವರು ೧೯೫೩–೫೪ರಲ್ಲಿ ಅದೇ ಯುದ್ಧದ ಸೆರೆಯಾಳುಗಳ ಪ್ರಶ್ನೆಯನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಸ್ವದೇಶಕ್ಕೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿಯ ಭವಿಷ್ಯ ಆ ಆಯೋಗದ ಮುಂದಿತ್ತು. ಇಂಥ ಅನುಭವ ಕನ್ನಡದಲ್ಲಿ ಚರ್ಚೆಯ ಪರಂಪರೆಯಾಗಿ ಹರಿದುಬರಲಿಲ್ಲ. ದೆಹಲಿ ಮತ್ತು ಇಂಗ್ಲಿಷು ಇವೆರಡರ ನಡುವೆ ಅದು ಉಳಿದುಹೋಯಿತು.

೩

ಹೊರಗಿನ ವಿದ್ವತ್ತೂ ಒಳಗಿನ ನೆಲವೂ ಒಂದನ್ನೊಂದು ನಿಜವಾಗಿ ಸಂಧಿಸಿದರೆ ಏನು ಫಲ ದೊರೆಯುತ್ತದೆಂಬುದಕ್ಕೆ ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು ಒಳ್ಳೆಯ ಸಾಕ್ಷಿ. ಇಲ್ಲಿಯ ಬೆಟ್ಟಗಳ ಶಿಲಾಯುಗದ ಅವಶೇಷಗಳನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಕಾಲಿಯಾ ಅವರ ಶಿಷ್ಯರಾಗಿದ್ದ ಬೆಂಡಪೂಡಿ ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ೧೯೬೪–೬೫ರಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಮತ್ತೆ ಅಗೆದರು. ನಾಗರಾಜರಾಯರು ಅದಕ್ಕೆ ಮುಂಚೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿಯೂ ಉತ್ಖನನ ನಡೆಸಿದ್ದರು. ಈಚಿನ ದಶಕಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಂದ ಬಂದ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮುಂತಾದವರು ಜೊತೆಗೂಡಿ ಕೆಲಸ ಮಾಡಿದರು.

ಈ ಸಹಕಾರದಿಂದ ತಿಳಿದುಬಂದ ಸಂಗತಿಗಳು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಹಿರೇಗುಡ್ಡದಲ್ಲಿ ಕರಿಯ ಡಾಲರೈಟ್ ಕಲ್ಲನ್ನು ಒಡೆದು, ತಿದ್ದಿ, ಉಜ್ಜಿ ಕೊಡಲಿಗಳನ್ನು ಮಾಡುವ ಕಮ್ಮಟವೇ ಇತ್ತು. ಅದರ ಉತ್ಪಾದನೆ ಊರಿನ ಅಗತ್ಯವನ್ನು ಮೀರಿದ್ದಾಗಿ ಸಂಶೋಧಕರ ಅಭಿಪ್ರಾಯ. ಎಂದರೆ ಇಲ್ಲಿಯ ಕಲ್ಲು ಹೊರಗಿನವರ ಕೈಗೂ ಹೋಗುತ್ತಿತ್ತು. ಹಾಗೆಯೇ ಹೊರಗಿನ ಪದಾರ್ಥಗಳು ಒಳಗೂ ಬಂದವು. ಹುರುಳಿ, ಹೆಸರು, ಕೆಲವು ಕಿರುಧಾನ್ಯಗಳು ಈ ಭಾಗದ ಮೊದಲ ಬೆಳೆಗಳು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಉತ್ತರದಿಂದ ಗೋಧಿಯೂ ಜವೆಗೋಧಿಯೂ ಬಂದು ಸೇರಿದವು. ಮುಂದೆ ಆಫ್ರಿಕಾ ಮೂಲದ ಅವರೆ, ಸಜ್ಜೆಗಳು ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಕಾಣಿಸಿಕೊಂಡವು. ನಮ್ಮ ಮನೆಯ ಊಟವೆಂದು ನಾವು ಎಣಿಸುವ ಅವರೆಕಾಳು ಕಡಲನ್ನು ದಾಟಿ ಬಂದುದು. ಗಡಿಯೂ ರಾಯಭಾರಿಯೂ ಇಲ್ಲದ ಕಾಲದಲ್ಲಿ ವಿನಿಮಯವಿತ್ತು ಎಂಬ ಈ ಸತ್ಯವನ್ನು ವಿದೇಶವ್ಯವಹಾರದ ಮೊದಲ ಪಾಠವಾಗಿ ಇಡಬಹುದು. ಆದರೆ ಅದರಿಂದ ಪುರಾತನ ಸ್ವರ್ಣಯುಗವೊಂದನ್ನು ಕಲ್ಪಿಸಿಕೊಳ್ಳುವುದು ಸಲ್ಲದು. ವಿನಿಮಯದ ಷರತ್ತುಗಳನ್ನು ಯಾರು ಗೊತ್ತುಮಾಡುತ್ತಿದ್ದರೆಂಬುದನ್ನು ಕಲ್ಲುಗಳು ಹೇಳುವುದಿಲ್ಲ; ಮುಂದಿನ ಕಾಲದ ದಾಖಲೆಗಳು ಹೇಳುತ್ತವೆ.

೪

ಬಳ್ಳಾರಿ ಎಂಬ ಜಿಲ್ಲೆಯ ಹುಟ್ಟೇ ಒಂದು ಕೌಲಿನ ಫಲ. ೧೭೯೨ ಮತ್ತು ೧೭೯೯ರ ಮೈಸೂರು ಯುದ್ಧಗಳ ಕೊನೆಯಲ್ಲಿ ಟೀಪೂಸುಲ್ತಾನನ ರಾಜ್ಯದಿಂದ ತನ್ನ ಪಾಲಿಗೆ ಬಂದ ಪ್ರದೇಶಗಳನ್ನು ಹೈದರಾಬಾದಿನ ನಿಜಾಮನು, ತನ್ನ ರಕ್ಷಣೆಗಿದ್ದ ಇಂಗ್ಲಿಷ್ ಸೈನ್ಯದ ವೆಚ್ಚಕ್ಕಾಗಿ, ೧೮೦೦ನೆಯ ಅಕ್ಟೋಬರ್ ೧೨ರ ಒಪ್ಪಂದದಂತೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಈ ಸೀಮೆಗೆ ‘ದತ್ತ ಮಂಡಲ’ವೆಂದು ಹೆಸರಾಯಿತು. ದತ್ತ ಎಂದರೆ ಕೊಡಲ್ಪಟ್ಟದ್ದು. ಕೊಟ್ಟವನು ಯಾರು, ಪಡೆದವನು ಯಾರು ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿದೆ. ಕೊಡಲ್ಪಟ್ಟ ನೆಲದ ರೈತರಿಗೆ ಅದರಲ್ಲಿ ಸ್ಥಾನವಿಲ್ಲ. ೧೮೦೦ರಿಂದ ೧೮೦೭ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೂಪಿಸಿದ ರೈತವಾರಿ ಪದ್ಧತಿಯ ಗುಣದೋಷಗಳನ್ನು ನಮ್ಮ ತರಗತಿಗಳಲ್ಲಿ ವಿವರವಾಗಿ ಬೋಧಿಸುತ್ತೇವೆ. ಅವನು ಇಲ್ಲಿಗೆ ಬರುವುದಕ್ಕೆ ಕಾರಣವಾದ ಸೈನ್ಯಸಹಾಯ ಪದ್ಧತಿಯು ಒಂದು ವಿದೇಶನೀತಿಯೆಂಬುದನ್ನು ಮಾತ್ರ ಮರೆಯುತ್ತೇವೆ.

ಅನಂತರ ಈ ಸೀಮೆಯು ದೂರದ ಪೇಟೆಗಳಿಗೂ ಅಂಟಿಕೊಂಡಿತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲಂಕಾಷೈರಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಾಯಿತು. ಎರೆಭೂಮಿಯ ಹತ್ತಿಗೆ ಬೆಲೆ ಏರಿತು. ಯುದ್ಧ ಮುಗಿಯುತ್ತಲೇ ಇಳಿಯಿತು. ಏರಿಕೆಗೂ ಇಳಿತಕ್ಕೂ ಕಾರಣ ಏಳು ಸಮುದ್ರಗಳಾಚೆ ಇತ್ತು.

ಹತ್ತು ವರ್ಷಗಳ ತರುವಾಯ ಬಂದ ೧೮೭೬–೭೮ರ ಕ್ಷಾಮ ಇದಕ್ಕಿಂತ ಕಠೋರವಾದ ಪಾಠ. ಮದರಾಸು ಪ್ರಾಂತದಲ್ಲಿ ಅತ್ಯಂತ ಹಾನಿಗೊಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಶಾಂತಸಾಗರದ ನೀರು ಅಸಾಧಾರಣವಾಗಿ ಕಾಯುವ ಎಲ್ ನಿನೋ ಎಂಬ ವಿದ್ಯಮಾನಕ್ಕೂ ಆ ಮಳೆಯಭಾವಕ್ಕೂ ಸಂಬಂಧವಿದ್ದುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ಅದೇ ಕಾಲದಲ್ಲಿ ಚೀನ, ಬ್ರೆಜಿಲ್‌ಗಳಲ್ಲಿಯೂ ಭೀಕರ ಕ್ಷಾಮವಿತ್ತು. ಮಳೆ ತಪ್ಪಿದ್ದು ಪ್ರಕೃತಿಯಿಂದ. ಸಾವು ಹೆಚ್ಚಿದ್ದು ನೀತಿಯಿಂದ. ಧಾನ್ಯವ್ಯಾಪಾರದಲ್ಲಿ ಸರಕಾರ ಕೈಹಾಕಕೂಡದೆಂಬ ಸಿದ್ಧಾಂತ ಪ್ರಬಲವಾಗಿತ್ತು. ಕ್ಷಾಮ ಕಾಲದಲ್ಲಿಯೂ ದೇಶದ ಧಾನ್ಯ ಹೊರಕ್ಕೆ ಸಾಗಿತು. ವೈಸರಾಯನ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಅಳತೆಗೆ ಇಳಿಸಿದನು. ಇಷ್ಟರಿಂದ ದುಡಿಯುವ ದೇಹ ಉಳಿಯಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ರೈಲು ಧಾನ್ಯವನ್ನು ತಂದಿತು. ಕೊಳ್ಳುವ ಶಕ್ತಿಯನ್ನು ತರಲಿಲ್ಲ. ಹವಾಮಾನ, ವಾಣಿಜ್ಯ, ಆಡಳಿತ ಈ ಮೂರೂ ಒಂದೇ ಸ್ಥಳದಲ್ಲಿ ಹೇಗೆ ಕೂಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಬೇರೆ ದೇಶದಿಂದ ಎರವಲು ತರಬೇಕಾಗಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ತುರ್ಕಿಯ ಸೆರೆಯಾಳುಗಳನ್ನು ಬಳ್ಳಾರಿಯಲ್ಲಿ ಇರಿಸಲಾಗಿತ್ತು. ೧೯೧೭ರಲ್ಲಿ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡಿ ಬರೆದ ವರದಿಯಲ್ಲಿ ಬಳ್ಳಾರಿಯೂ ಸೇರಿದೆ. ಕೊರಿಯಾದಲ್ಲಿ ತಿಮ್ಮಯ್ಯನವರು ಎದುರಿಸಿದ ಪ್ರಶ್ನೆಯ ಪೂರ್ವರೂಪ ಮೂವತ್ತಾರು ವರ್ಷಗಳ ಹಿಂದೆಯೇ ಈ ಊರಿನಲ್ಲಿತ್ತು. ಸೆರೆಯಾಳುಗಳ ಹಕ್ಕನ್ನು ಕುರಿತ ಅಂತಾರಾಷ್ಟ್ರೀಯ ನ್ಯಾಯವನ್ನು ಬೋಧಿಸುವ ಅಧ್ಯಾಪಕರಿಗೆ ಇದು ಉಪಯುಕ್ತವಾದ ಆರಂಭಬಿಂದು.

೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯ ರಚನೆಯಾದಾಗ ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಈ ಬಾರಿ ಜನಾಭಿಪ್ರಾಯಕ್ಕೂ ಭಾಷೆಗೂ ವಿಚಾರಣೆಯಲ್ಲಿ ಸ್ಥಾನವಿತ್ತು. ದತ್ತ ಮಂಡಲದ ೧೮೦೦ನೆಯ ಇಸವಿಗೂ ೧೯೫೩ಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

೫

ಸ್ವತಂತ್ರ ಭಾರತದಲ್ಲಿ ನಿರ್ಣಯಪೀಠ ನಮ್ಮದಾಯಿತು. ಆದರೂ ದೂರದ ನಿರ್ಣಯಗಳ ಭಾರ ಇಲ್ಲವಾಗಲಿಲ್ಲ. ೨೦೦೩ರಲ್ಲಿ ಚೀನವು ಜಪಾನನ್ನು ಮೀರಿ ಜಗತ್ತಿನಲ್ಲಿ ಅತ್ಯಧಿಕ ಕಬ್ಬಿಣದ ಅದಿರನ್ನು ಆಮದುಮಾಡಿಕೊಳ್ಳುವ ದೇಶವಾಯಿತು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಬೆಟ್ಟಗಳು ಕೆಲವೇ ವರ್ಷಗಳಲ್ಲಿ ರೂಪುಗೆಟ್ಟವು. ಸಾಲುಸಾಲು ಲಾರಿಗಳು ಅದಿರನ್ನು ಬಂದರುಗಳಿಗೆ ಹೊತ್ತವು. ಕೆಂಪು ಧೂಳು ಬೆಳೆಗಳ ಮೇಲೆ ಕುಳಿತಿತು. ೨೦೧೦ರಲ್ಲಿ ರಾಜ್ಯಸರಕಾರವು ರಫ್ತಿಗೆ ತಡೆಹಾಕಿತು. ೨೦೧೧ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಒಪ್ಪಿಸಿದರು. ಅದೇ ತಿಂಗಳ ೨೯ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ೨೦೧೩ರಲ್ಲಿ ಷರತ್ತುಗಳೊಡನೆ ಗಣಿಗಳು ಮರಳಿ ತೆರೆದವು. ರಫ್ತಿಗೆ ಅನುಮತಿ ಸಿಕ್ಕಿದ್ದು ೨೦೨೨ರ ಮೇ ತಿಂಗಳಿನಲ್ಲಿ. ಬೇರೊಂದು ದೇಶದ ಉಕ್ಕಿನ ಬೇಡಿಕೆ, ನಮ್ಮ ರಫ್ತುನೀತಿ, ಆಡಳಿತದ ಪ್ರಾಮಾಣಿಕತೆ, ನ್ಯಾಯಾಂಗದ ಅಧಿಕಾರ ಇವೆಲ್ಲವೂ ಇಲ್ಲಿ ಒಂದೇ ಸರಪಣಿಯ ಕೊಂಡಿಗಳು. ಕಲ್ಲುಗಣಿಗಳ ಹಾವಳಿ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟಗಳನ್ನೂ ಬಿಡಲಿಲ್ಲ. ಬಡಿದರೆ ಗಂಟೆಯಂತೆ ನಾದಗೈಯುವ ಕಪ್ಪಗಲ್ಲಿನ ಬಂಡೆಗಳು, ಅಲ್ಲಿಯ ಶಿಲಾಚಿತ್ರಗಳು ಅಪಾಯಕ್ಕೊಳಗಾಗಿರುವುದನ್ನು ಸಂಶೋಧಕರು ಎಚ್ಚರಿಸಿದ್ದಾರೆ. ಜಗತ್ತಿನ ಪೇಟೆಗಾಗಿ ಬೆಟ್ಟವನ್ನು ಕಳೆದುಕೊಳ್ಳುವ ಊರು ತನ್ನ ಚರಿತ್ರೆಯ ಆಧಾರವನ್ನೂ ಕಳೆದುಕೊಳ್ಳುತ್ತದೆ.

ಎರಡನೆಯ ಉದಾಹರಣೆ ತುಂಗಭದ್ರಾ ಕಾಲುವೆಯ ಬತ್ತ. ಸಿರುಗುಪ್ಪ ಸೀಮೆಗೆ ಅಕ್ಕಿಯೇ ಆಧಾರ. ೨೦೨೩ರ ಜುಲೈನಲ್ಲಿ ಕೇಂದ್ರಸರಕಾರವು ಬಾಸ್ಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ನಿಷೇಧಿಸಿ, ೨೦೨೪ರ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ತೆಗೆಯಿತು. ದೇಶದ ಗ್ರಾಹಕನಿಗೆ ಬೆಲೆ ಏರದಿರಲೆಂಬುದು ಅದರ ಉದ್ದೇಶ. ನಮ್ಮ ಅಕ್ಕಿಯನ್ನು ನಂಬಿದ್ದ ಆಫ್ರಿಕಾದ ದೇಶಗಳಲ್ಲಿ ಅದರಿಂದ ಕಳವಳವುಂಟಾಯಿತು. ಬೆಳೆಗಾರನಿಗೆ ಹೊರಗಿನ ಬೆಲೆ ಸಿಕ್ಕದಾಯಿತು. ೧೮೭೭ರಲ್ಲಿ ಸರಕಾರವು ವ್ಯಾಪಾರಕ್ಕೆ ಕೈಹಾಕದೆ ಅಪರಾಧ ಮಾಡಿತು. ೨೦೨೩ರಲ್ಲಿ ಕೈಹಾಕಿ ಒಬ್ಬರನ್ನು ಕಾಪಾಡಿ ಇನ್ನೊಬ್ಬರಿಗೆ ನಷ್ಟವನ್ನುಂಟುಮಾಡಿತು. ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ತೂಗುವ ವಿದ್ಯಾರ್ಥಿಗೆ ಆಹಾರಭದ್ರತೆಯೆಂಬ ಪದ ಬರಿಯ ಪದವಾಗಿ ಉಳಿಯಲಾರದು.

೨೦೨೩ರಲ್ಲಿಯೇ ಹೊರಜಗತ್ತು ಇನ್ನೊಂದು ರೀತಿಯಲ್ಲಿ ಬಳಿಗೆ ಬಂದಿತು. ಭಾರತದ ಅಧ್ಯಕ್ಷತೆಯ ಜಿ-೨೦ ಒಕ್ಕೂಟದ ಸಂಸ್ಕೃತಿ ಕಾರ್ಯಗುಂಪೂ, ರಾಷ್ಟ್ರನಾಯಕರ ಪ್ರತಿನಿಧಿಗಳೂ ಜುಲೈ ತಿಂಗಳಿನಲ್ಲಿ ಹಂಪಿಯಲ್ಲಿ ಸಭೆಸೇರಿದರು. ಆ ಸಂದರ್ಭದಲ್ಲಿ ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿಯ ೧೭೫೫ ತುಂಡುಗಳ ಪ್ರದರ್ಶನ ವಿಶ್ವದಾಖಲೆಯಾಯಿತು. ಅದೇ ವರ್ಷ ದೇಶದ ವಿಶ್ವವಿದ್ಯಾಲಯಗಳಲ್ಲಿ ಜಿ-೨೦ನ್ನು ಕುರಿತ ಉಪನ್ಯಾಸಮಾಲೆಯೂ ನಡೆಯಿತು. ಕಸೂತಿ ಪ್ರದರ್ಶಿತವಾದುದು ಸಂತೋಷದ ಸಂಗತಿ. ಆದರೆ ಕಸೂತಿಯ ಬೆಲೆ, ಪೇಟೆ, ಹಕ್ಕುಗಳ ಪ್ರಶ್ನೆಯನ್ನು ಆ ಹೆಣ್ಣುಮಕ್ಕಳ ಮಕ್ಕಳು ಕಾಲೇಜಿನಲ್ಲಿ ಕುಳಿತು ಚರ್ಚಿಸುವ ದಿನ ಬಂದಾಗ ಮಾತ್ರ ಅತಿಥಿಸತ್ಕಾರವು ಅಧ್ಯಯನವಾಗುತ್ತದೆ.

೬

ಮೇಲಿನ ವಿವೇಚನೆಯಿಂದ ಗೋಷ್ಠಿಗಳ ರೀತಿಯನ್ನು ಕುರಿತು ಕೆಲವು ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಗೋಷ್ಠಿಯು ಭಾಷಣದಿಂದ ಆರಂಭವಾಗದೆ ಒಂದು ದಾಖಲೆಯಿಂದ ಆರಂಭವಾಗಲಿ: ೧೮೦೦ರ ಒಪ್ಪಂದ, ಕ್ಷಾಮದ ಕೂಲಿಯ ಆಜ್ಞೆ, ಅದಿರಿನ ತೀರ್ಪು, ಅಕ್ಕಿಯ ನಿಷೇಧದ ಪ್ರಕಟಣೆ ಇವುಗಳಲ್ಲಿ ಯಾವುದಾದರೂ ಒಂದು. ವಿದ್ಯಾರ್ಥಿಗಳು ನಿಜಾಮನ ಪರ, ಕಂಪನಿಯ ಪರ, ರೈತನ ಪರ ಬೇರೆಬೇರೆಯಾಗಿ ವಾದಿಸಲಿ. ತನ್ನದಲ್ಲದ ಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಬಲ್ಲವನೇ ವಿದೇಶವ್ಯವಹಾರದಲ್ಲಿ ಪ್ರವೇಶ ಪಡೆದವನು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದಲ್ಲಿ ಒಂದು ಹೊತ್ತನ್ನು ಕಳೆಯುವುದೂ ಇಂಥ ಗೋಷ್ಠಿಯ ಅಂಗವಾಗಬಹುದು.

ಎರಡನೆಯದಾಗಿ, ವಿದ್ಯಾರ್ಥಿವೇತನ ಪಡೆದು ಬಂದವರನ್ನು ಸನ್ಮಾನಕ್ಕಾಗಿ ಕರೆಯದೆ ಕೆಲಸಕ್ಕಾಗಿ ಕರೆಯಬೇಕು. ಚೀನದ ಉಕ್ಕಿನ ಕಾರ್ಖಾನೆಯಿಂದ ನೋಡಿದರೆ, ಪಶ್ಚಿಮ ಆಫ್ರಿಕಾದ ಅಕ್ಕಿಯ ಅಂಗಡಿಯಿಂದ ನೋಡಿದರೆ ಬಳ್ಳಾರಿ ಹೇಗೆ ಕಾಣುತ್ತದೆ ಎಂಬುದನ್ನು ಅವರು ಕನ್ನಡದಲ್ಲಿ ವಿವರಿಸಬೇಕು. ಕನ್ನಡದಲ್ಲಿ ಹೇಳಲಾರದ ವಿದೇಶನೀತಿ ಈ ಸೀಮೆಯ ಮಟ್ಟಿಗೆ ೧೮೦೦ರ ಒಪ್ಪಂದಕ್ಕಿಂತ ಹೆಚ್ಚು ಹತ್ತಿರದ್ದಾಗದು.

ಮೂರನೆಯದಾಗಿ, ಗೋಷ್ಠಿಯ ವೆಚ್ಚವನ್ನು ಯಾರು ಕೊಟ್ಟರೆಂಬುದು ಎಲ್ಲರಿಗೂ ತಿಳಿದಿರಬೇಕು. ೧೯೬೭ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿಸಂಘಕ್ಕೆ ಅಲ್ಲಿಯ ಗೂಢಚಾರ ಸಂಸ್ಥೆಯಿಂದ ಹಣ ಬರುತ್ತಿದ್ದುದು ಬಯಲಾದಾಗ, ಪ್ರಾಮಾಣಿಕರಾದ ಅನೇಕ ಯುವಕರ ಮಾತಿಗೂ ಕಳಂಕ ತಟ್ಟಿತು. ವಿದ್ಯಾರ್ಥಿವೇತನವೂ ಗೋಷ್ಠಿಯೂ ಸ್ವತಃ ವಿದೇಶನೀತಿಯ ಉಪಕರಣಗಳಾಗಬಲ್ಲವು. ಅದರಿಂದ 그ವುಗಳನ್ನು ತಿರಸ್ಕರಿಸಬೇಕಾಗಿಲ್ಲ. ಕಣ್ಣು ತೆರೆದು ಸ್ವೀಕರಿಸಿದರೆ ಸಾಕು.

ಕೊನೆಯದಾಗಿ, ಪ್ರತಿಯೊಂದು ಗೋಷ್ಠಿಯ ನಿರ್ಣಯವನ್ನೂ ಭಿನ್ನಾಭಿಪ್ರಾಯವನ್ನೂ ಬರೆದು ಕಾಲೇಜಿನ ಗ್ರಂಥಾಲಯದಲ್ಲಿ ಇಡಬೇಕು. ದತ್ತ ಮಂಡಲದ ರೈತರು ತಮ್ಮನ್ನು ಕೊಟ್ಟುದರ ಬಗ್ಗೆ ಏನು ಹೇಳಿದರೆಂಬುದಕ್ಕೆ ಆ ಒಪ್ಪಂದದಲ್ಲಿ ಒಂದು ಸಾಲೂ ಇಲ್ಲ. ಅವರ ವಂಶದವರು ಈಗ ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಯ ಕಾಲೇಜುಗಳಿಗೆ ಓದಲು ಬರುತ್ತಾರೆ. ಅದಿರನ್ನೂ ಅಕ್ಕಿಯನ್ನೂ ಮಳೆಯನ್ನೂ ಕುರಿತು ಅವರು ಏನನ್ನು ಯೋಚಿಸಿದರೆಂಬುದು ಮುಂದಿನ ಇತಿಹಾಸಕಾರನಿಗೆ ದೊರೆಯುವಂತಾದರೆ, ಆ ಗೋಷ್ಠಿಗಳು ಸಾರ್ಥಕವಾದವೆಂದು ಹೇಳಬಹುದು.